ಕೆಂಪು ಬಾವುಟಕ್ಕೆ ಜಿಂದಾಬಾದ್

ನನ್ನ ಕ್ರೀಡಾಜೀವನ ಶುರುವಾದದ್ದು ಒಂದು ಮೀನೂಟದಿಂದ. ಉಂಡವನು ನಾನಲ್ಲ, ಉಂಡವರು ಬೇರೆ. ಮರ್ಯಾದೆ ಹೋದದ್ದು ಮಾತ್ರ ನನ್ನದು.

ಆಗ ನಾನು ಅಂಕೋಲೆಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ಹೊಸ ಶತಮಾನ ಬಂದು ನಾಲ್ಕೈದು ವರ್ಷವಾಗಿತ್ತು. ಕಚೇರಿಗೆ ಕಂಪ್ಯೂಟರ್ ಬಂದಿತ್ತು. ಧೂಳು ಹೊಕ್ಕೀತೆಂದು ಅದಕ್ಕೆ ಹೊದಿಸಿದ್ದ ಬಟ್ಟೆಯನ್ನು ತೆಗೆಯಲು ಮಾತ್ರ ಯಾರಿಗೂ ಧೈರ್ಯವಿರಲಿಲ್ಲ. ಧೂಳಾದರೂ ಸಾಮಾನ್ಯದ್ದೇ? ಅದಿರಿನ ಲಾರಿಗಳು ಘಟ್ಟ ಇಳಿದು ಸುಂಕಸಾಳದ ಮೇಲಿಂದ ಸಾಲುಗಟ್ಟಿ ಬಂದು ಬೈತಖೋಲ ಬಂದರಕ್ಕೆ ಹೋಗುತ್ತಿದ್ದ ಕಾಲ ಅದು. ಬೆಳಿಗ್ಗೆ ಬಿಳಿ ಅಂಗಿ ಹಾಕಿಕೊಂಡು ಹೋದವನು ಸಂಜೆ ಕಾವಿ ಅಂಗಿಯಲ್ಲಿ ಮನೆಗೆ ಬರುತ್ತಿದ್ದೆ.

ಪ್ರತಿವರ್ಷ ಕಾರವಾರದಲ್ಲಿ ನೌಕರರ ಜಿಲ್ಲಾ ಕ್ರೀಡಾಕೂಟ ನಡೆಯುತ್ತಿತ್ತು. ಕಚೇರಿಯಿಂದ ಇಷ್ಟು ಜನ ಹೋಗಲೇಬೇಕೆಂದು ಮೇಲಿನಿಂದ ಅಪ್ಪಣೆ. ಓಟ, ಕೇರಂ, ಭಾವಗೀತೆ ಎಲ್ಲದಕ್ಕೂ ಜನ ಸಿಕ್ಕಿದರು. ಭರ್ಜಿ ಎಸೆತಕ್ಕೆ ಒಬ್ಬನೂ ಇಲ್ಲ. ನಮ್ಮ ಶಿರಸ್ತೇದಾರರು ಕನ್ನಡಕದ ಮೇಲಿಂದ ನನ್ನನ್ನು ಅಳೆದು ನೋಡಿದರು.

"ನಿನ್ನ ಕೈ ಉದ್ದ ಅದೆ ಮಾರಾಯ. ಜಾವ್ಲಿನ್ನಿಗೆ ನಿನ್ನ ಹೆಸರೇ ಹಾಕ್ತೆ."

"ಸರ್, ನಂಗೆ ಅದು ಗೊತ್ತಿಲ್ಲ."

"ಗೊತ್ತಿಲ್ದೇ ಇದ್ರೆ ಎಂತಾಯ್ತು? ಎರಡು ದಿನ ಕಚೇರಿ ತಪ್ತದೆ. ಬಿಸಾಕಿ ಬಾ."

ನನ್ನ ಪೂರ್ವಾನುಭವ ಇಷ್ಟೇ. ಹೈಸ್ಕೂಲಿನಲ್ಲಿ ಒಮ್ಮೆ ಭರ್ಜಿ ಎಸೆದಿದ್ದೆ, ಅದು ನೆಟ್ಟಗೆ ಹೋಗಿ ಹೆಡ್‌ಮಾಸ್ತರರ ಸೈಕಲ್ಲಿಗೆ ಬಡಿದಿತ್ತು. ಆ ಮೇಲೆ ಯಾರೂ ನನ್ನ ಕೈಗೆ ಅದನ್ನು ಕೊಟ್ಟಿರಲಿಲ್ಲ.

ಕಾರವಾರದ ಮೈದಾನದಲ್ಲಿ ನನ್ನ ವಯಸ್ಸಿನ ಪಂಗಡದಲ್ಲಿ ಇನ್ನಿಬ್ಬರ ಹೆಸರಿತ್ತು. ಇಬ್ಬರೂ ಘಟ್ಟದ ಮೇಲಿನವರು. ಮೈಕಿನಲ್ಲಿ ಕೂಗಿದ್ದೇ ಕೂಗಿದ್ದು, ಅವರ ಪತ್ತೆಯಿಲ್ಲ. ಘಟ್ಟ ಇಳಿದು ಕಾರವಾರಕ್ಕೆ ಬಂದವರು ಮೀನೂಟ ಬಿಟ್ಟು ಭರ್ಜಿ ಎಸೆಯುತ್ತಾರೆಯೇ, ನೀವೇ ಹೇಳಿ. ಹೋಟೆಲಿನಲ್ಲಿ ಇಸ್ವಣ ಮೀನು ಹುರಿಯುವುದು ತಡವಾಯಿತಂತೆ. ತೀರ್ಪುಗಾರರು ಗಡಿಯಾರ ನೋಡಿ, "ನೀವೊಬ್ರೇ ಎಸ್ದು ಮುಗ್ಸಿ" ಅಂದರು. ಎಸೆದೆ. ಭರ್ಜಿ ಮುದುಕನ ಹಾಗೆ ಸ್ವಲ್ಪ ದೂರ ಹೋಗಿ, ಸುಸ್ತಾಗಿ, ಮೂಗು ಕೆಳಗೆ ಮಾಡಿ ನೆಲಕ್ಕೆ ಚುಚ್ಚಿಕೊಂಡಿತು. ಎಸೆತ ಸರಿಯೆಂದು ಬಿಳಿ ಬಾವುಟ ಏರಿತು. ಪ್ರಥಮ ಸ್ಥಾನ ನನ್ನದೇ.

ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಊರಿನ ಪತ್ರಿಕೆಯ ಫೋಟೋದವನಿಗೆ ಆ ದಿನ ಒಳ್ಳೆಯ ಚಿತ್ರ ಸಿಕ್ಕಿರಲಿಲ್ಲ. ನನ್ನನ್ನು ನಿಲ್ಲಿಸಿ, ಭರ್ಜಿ ಎತ್ತಿ ಹಿಡಿಸಿ, ಎದೆ ಮುಂದೆ ತರಿಸಿ, ಕೆಳಗೆ ಕೂತು ಮೇಲ್ಮುಖವಾಗಿ ಹೊಡೆದ. ಮರುದಿನ ಪತ್ರಿಕೆ ನೋಡಿದರೆ ನನಗೇ ನನ್ನ ಗುರುತು ಹತ್ತಲಿಲ್ಲ. ಹಿಂದೆ ಮೋಡ, ಮೇಲೆ ಭರ್ಜಿ, ನಡುವೆ ಯಾರೋ ವೀರ. ಅಡಿಯಲ್ಲಿ "ಜಿಲ್ಲೆಗೆ ಪ್ರಥಮ" ಎಂದು ನನ್ನ ಹೆಸರು.

ಇಲ್ಲಿ ನನ್ನ ಮದುವೆಯ ವಿಷಯ ಹೇಳಲೇಬೇಕು. ನನ್ನ ಹೆಂಡತಿ ಕಾರವಾರದ ಪಕ್ಕದ ಮಾಜಾಳಿಯವಳು. ಹಿಂದೆ ನಾನು ಕಾರವಾರದಲ್ಲಿದ್ದಾಗ ಜಾತಿ ಪ್ರಮಾಣಪತ್ರಕ್ಕೆಂದು ಕಚೇರಿಗೆ ಬಂದಿದ್ದಳು. ಬರೆದುಕೊಟ್ಟವನು ನಾನೇ. ಅವಳ ಜಾತಿಯನ್ನು ನನ್ನ ಕೈಯಾರೆ ಬರೆದು, ಅದು ನನ್ನದಲ್ಲವೆಂದು ಚೆನ್ನಾಗಿ ಗೊತ್ತಿದ್ದೂ, ಮುಂದಿನ ವರ್ಷ ಅವಳನ್ನೇ ಮದುವೆಯಾದೆ. ಅವರ ಮನೆಯಲ್ಲಿ ಕೊಂಕಣಿ, ನಮ್ಮದು ಕನ್ನಡ. ನನ್ನ ಮಾವ ಬೈತಖೋಲದಲ್ಲಿ ಹಡಗಿಗೆ ಮಾಲು ತುಂಬುವ ಗುಂಪಿನ ಮುಕಾದಮ, ಅಂದರೆ ಹಮಾಲರಿಗೆಲ್ಲ ಹಿರಿಯ. ಮಗಳು ರಿಜಿಸ್ಟ್ರಿ ಮದುವೆಯಾದ ದಿನ ಅವರು "ನಂಗೆ ಮಗಳಿಲ್ಲ" ಅಂದವರು, ಮೂರು ವರ್ಷ ಆ ಮಾತಿಗೆ ನಿಂತರು. ಅತ್ತೆ ಕದ್ದು ಫೋನು ಮಾಡುತ್ತಿದ್ದರು. ಚೌತಿ ಬಂತೆಂದರೆ ನನ್ನ ಹೆಂಡತಿ ಕರ್ಜಿಕಾಯಿಯಂಥ ನೆವ್ರಿ ಕರಿಯುತ್ತ ಒಲೆಯ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೇಳಿದರೆ ಎಣ್ಣೆಯ ಹೊಗೆ ಎನ್ನುತ್ತಿದ್ದಳು. ಕಾರವಾರದ ಕಡೆ ಚೌತಿಗೆ ತವರಿಗೆ ಹೋಗದ ಹೆಣ್ಣುಮಗಳ ಸಂಕಟ ಏನೆಂದು ನನಗೆ ಆಗ ಗೊತ್ತಾಯಿತು.

ಆ ಫೋಟೋ ಬಂದ ಮೂರನೆಯ ದಿನ ಮಾವ ನಮ್ಮ ಕಚೇರಿಗೆ ಬಂದರು. ನನ್ನ ಮೇಜಿನ ಮುಂದೆ ನಿಂತು, ಜೇಬಿನಿಂದ ಪತ್ರಿಕೆಯ ತುಂಡು ತೆಗೆದು, ನನ್ನ ಮುಖವನ್ನೂ ಅದನ್ನೂ ಹೋಲಿಸಿ ನೋಡಿದರು.

"ಇದು ನೀವೇ ಅಲ್ಲ?"

"ಹೌದು."

"ಬಂದರದಲ್ಲಿ ಎಲ್ರೂ ಕೇಳ್ತಿದ್ರು, ಇವ ನಿಮ್ಮ ಜಾಂವಯ್ ಅಲ್ವಾ ಅಂತ." ಜಾಂವಯ್ ಅಂದರೆ ಅಳಿಯ. ಆಮೇಲೆ ಕಿಟಕಿಯ ಕಡೆ ನೋಡುತ್ತ ಹೇಳಿದರು. "ಆದಿತ್ಯವಾರ ಮನೆಗೆ ಊಟಕ್ಕೆ ಬನ್ನಿ. ಅವಳನ್ನೂ ಕರ್ಕಂಡು ಬನ್ನಿ."

ಮನೆಗೆ ಹೋಗಿ ಹೇಳಿದೆ. ಹೆಂಡತಿ ಕೈಯಲ್ಲಿದ್ದ ಸೌಟು ಹಿಡಿದುಕೊಂಡೇ ನೆಲದ ಮೇಲೆ ಕೂತಳು. ಅಷ್ಟು ಸಂತೋಷವನ್ನು ಅವಳ ಮುಖದಲ್ಲಿ ನಾನು ಮದುವೆಯ ದಿನವೂ ನೋಡಿರಲಿಲ್ಲ. ಮುಚ್ಚಿದ ಬಾಗಿಲು ತೆರೆದದ್ದು ಘಟ್ಟದ ಮೇಲಿನವರ ಮೀನೂಟದಿಂದ ಎಂದು ನನಗೊಬ್ಬನಿಗೇ ಗೊತ್ತು.

ಹೇಳಬಾರದೆಂದು ನಾನು ಅಂದುಕೊಂಡಿರಲಿಲ್ಲ. ಆ ಆದಿತ್ಯವಾರ ಮಾಜಾಳಿಯಲ್ಲಿ ಎಲೆಯ ಮುಂದೆ ಕೂತವನೇ ಹೇಳಿಬಿಟ್ಟೆ. "ಮಾವ, ನಿಜ ಹೇಳ್ಬೇಕಂದ್ರೆ ಅಲ್ಲಿ ನಾನು ಒಬ್ಬನೇ ಇದ್ದದ್ದು. ಬೇರೆ ಯಾರೂ ಬರ್ಲಿಲ್ಲ."

ಮಾವ ಗಹಗಹಿಸಿ ನಕ್ಕರು. "ನೋಡು, ನೋಡು" ಎಂದು ಅತ್ತೆಗೆ ಹೇಳಿದರು, "ದೊಡ್ಡವರು ಹೀಗೇ. ತಮ್ಮ ಬಾಯಲ್ಲಿ ತಮ್ಮ ದೊಡ್ಡಸ್ತಿಕೆ ಹೇಳೂದಿಲ್ಲ."

"ಅಲ್ಲ ಮಾವ, ನಾ ನಿಜವಾಗಿ..."

ಪಕ್ಕದಲ್ಲಿದ್ದ ಹೆಂಡತಿ ನನ್ನ ತೊಡೆ ಚಿವುಟಿದಳು. "ಸುಮ್ನೆ ಉಣ್ಣಿ. ನಿಮಗೆ ತಲೆ ಸಮಾ ಅದ್ಯಾ? ಮೂರು ವರ್ಷದ ಮೇಲೆ ಈ ಮನೇಲಿ ಉಣ್ತಾ ಇದ್ದೆ ನಾನು."

ಸುಮ್ಮನೆ ಉಂಡೆ. ಒಳ್ಳೆಯ ಸಿಗಡಿ ಸಾರು.

ಆ ಮೇಲಿನ ಆದಿತ್ಯವಾರಗಳೆಲ್ಲ ಮಾವನ ವಶವಾದವು. ಮುಂದಿನ ಕೂಟಕ್ಕೆ ಅಳಿಯನನ್ನು ತಯಾರು ಮಾಡುವುದು ತನ್ನ ಕೆಲಸವೆಂದು ಅವರು ತೀರ್ಮಾನಿಸಿದರು. ಅಂಕೋಲೆಯ ಹೈಸ್ಕೂಲಿನ ಪಿ.ಟಿ. ಮಾಸ್ತರರಿಂದ ಒಂದು ಬಿದಿರಿನ ಭರ್ಜಿ ಕೇಳಿ ತಂದೆ. ಅದನ್ನು ಹಿಡಿದುಕೊಂಡು ಬಸ್ಸು ಹತ್ತಿದರೆ ಕಂಡಕ್ಟರ್ ಕಿರುಚುತ್ತಿದ್ದ. "ಹೋಯ್, ಆ ಗಳ ಟಾಪಿನ ಮೇಲೆ ಹಾಕಿ! ಯಾರದಾದ್ರೂ ಕಣ್ಣು ಹೋದ್ರೆ ನಿಮ್ಮಪ್ಪ ಕೊಡ್ತಾನಾ?" ಇಡೀ ಬಸ್ಸು ನನ್ನನ್ನು ನೋಡುತ್ತಿತ್ತು. ಮಗಳನ್ನು ಎತ್ತಿಕೊಂಡ ಹೆಂಗಸೊಬ್ಬಳು ನನ್ನ ಪಕ್ಕದ ಸೀಟು ಬಿಟ್ಟು ಎದ್ದು ಹೋದದ್ದೂ ಉಂಟು.

ಮಾಜಾಳಿಯ ಕಡಲದಂಡೆಯಲ್ಲಿ ನೀರು ಇಳಿದ ಮೇಲೆ ಒದ್ದೆ ಮರಳಿನ ಅಗಲವಾದ ಪಟ್ಟಿ ಬೀಳುತ್ತದೆ. ಅಲ್ಲಿ ಕಡಲಿಗೆ ಬೆನ್ನು ಹಾಕಿ ನಿಂತು, ಗಾಳಿಮರಗಳ ಕಡೆಗೆ ಎಸೆಯುವುದು ನಮ್ಮ ಅಭ್ಯಾಸ. ಮಧ್ಯಾಹ್ನದ ಮೇಲೆ ಕಡಲ ಗಾಳಿ ಬೆನ್ನಿಗೇ ಬೀಸುತ್ತದೆ, ಭರ್ಜಿಯನ್ನು ತಾನೇ ಎತ್ತಿಕೊಂಡು ಹೋಗುತ್ತದೆ. ಮಾವ ಬಂದರದಿಂದ ಹಗ್ಗ ತಂದಿದ್ದರು. ಮೀಟರು ಗೀಟರು ಅವರಿಗೆ ಬೇಡ. ಎರಡೂ ಕೈ ಚಾಚಿ ಮಾರು ಲೆಕ್ಕದಲ್ಲಿ ಅಳೆಯುತ್ತಿದ್ದರು. ಪ್ರತಿ ವಾರ ಮಾರು ಹೆಚ್ಚುತ್ತಿತ್ತು. ನನಗೂ ಒಳಗೊಳಗೇ ಆಸೆ ಹುಟ್ಟಿತು ಎಂದು ಹೇಳದಿದ್ದರೆ ಸುಳ್ಳಾಗುತ್ತದೆ. ಈ ಸಲ ನಿಜವಾಗಿ ಗೆದ್ದುಬಿಟ್ಟರೆ ಹಳೆಯದೆಲ್ಲ ಸರಿಹೋಗುತ್ತದಲ್ಲ ಎಂದು ಲೆಕ್ಕ ಹಾಕುತ್ತಿದ್ದೆ.

ನಮ್ಮಿಬ್ಬರಿಗೂ ತಿಳಿಯದಿದ್ದದ್ದು ಒಂದೇ. ಒದ್ದೆ ಮರಳಿನಲ್ಲಿ ಏನು ಎಸೆದರೂ ನಿಲ್ಲುತ್ತದೆ. ಭರ್ಜಿ ಹೆಚ್ಚುಕಡಿಮೆ ಮಲಗಿಕೊಂಡೇ ಬಂದರೂ ಮೊನೆ ಮರಳನ್ನು ಸೀಳಿ ಒಳಗೆ ಹೋಗುತ್ತದೆ, ನೋಡಿದವನಿಗೆ ನೆಟ್ಟ ಹಾಗೇ ಕಾಣುತ್ತದೆ. ಪಿ.ಟಿ. ಮಾಸ್ತರರು ಒಮ್ಮೆ ಎಚ್ಚರಿಸಿದ್ದರು, ಗಟ್ಟಿ ನೆಲದಲ್ಲೂ ಎಸೆದು ನೋಡಿ ಎಂದು. ಮಾವನಿಗೆ ಹೇಳಿದೆ. "ಗಟ್ಟಿ ನೆಲದಲ್ಲಿ ಮೊನೆ ಮುರೀತದೆ. ಈ ರೇತಿನೇ ಲಾಯಕ್ಕು" ಎಂದು ಮರಳು ತೋರಿಸಿದರು. ಮೂರು ವರ್ಷ ಮಾತು ಬಿಟ್ಟ ಮಾವ ಮಾತಾಡುತ್ತಿದ್ದಾರೆ. ಎದುರು ಹೇಳುವ ಧೈರ್ಯ ನನಗೆಲ್ಲಿಂದ ಬರಬೇಕು?

ಆ ವರ್ಷದ ಚೌತಿಗೆ ನಾವು ಮಾಜಾಳಿಗೆ ಹೋದೆವು. ಗಣಪತಿ ನೋಡಲು ಮನೆಗೆ ಬಂದವರಿಗೆಲ್ಲ ಮಾವ ಮೊದಲು ಗಣಪತಿ ತೋರಿಸುತ್ತಿದ್ದರು, ಆಮೇಲೆ ನನ್ನನ್ನು. "ಹೋ ಮ್ಹಜೊ ಜಾಂವಯ್. ಹತ್ತು ಜನರನ್ನ ಸೋಲ್ಸಿದ." ಮುಂದಿನವರು ಬರುವಾಗ ಅದು ಇಪ್ಪತ್ತಾಯಿತು. ಸಂಜೆ ಬಂದರದ ಗುಂಪು ಬರುವ ಹೊತ್ತಿಗೆ ಮೂವತ್ತು ಜನ. ನಾನು ನೆವ್ರಿ ಬಾಯಿಗೆ ತುರುಕಿಕೊಂಡು ತಲೆ ತಗ್ಗಿಸುತ್ತಿದ್ದೆ. ಅದನ್ನೂ ಅವರು ವಿನಯವೆಂದು ಹೊಗಳಿದರು. ಗಣಪತಿಯ ಮುಖ ನೋಡಲು ನನಗೆ ಆಗುತ್ತಿರಲಿಲ್ಲ.

ಚಳಿಗಾಲ ಬಂತು, ಕೂಟದ ದಿನವೂ ಬಂತು. ಆ ದಿನ ಬಂದರದಲ್ಲಿ ಹಡಗಿರಲಿಲ್ಲ. ಮಾವ ತನ್ನ ಗುಂಪನ್ನೆಲ್ಲ ಒಂದು ಟೆಂಪೋದಲ್ಲಿ ತುಂಬಿಕೊಂಡು ಮೈದಾನಕ್ಕೆ ಬಂದರು. ತಾನೇ ಮುಂದೆ, ಹೆಗಲ ಮೇಲೆ ಅಳೆಯುವ ಹಗ್ಗದ ಸುರುಳಿ. ನನ್ನ ಹೆಂಡತಿಯೂ ಬಂದಿದ್ದಳು. ನಮ್ಮ ಶಿರಸ್ತೇದಾರರು ನನ್ನ ಕಿವಿಯಲ್ಲಿ, "ಇದೆಂತ ಮಾರಾಯ, ಮುಷ್ಕರಕ್ಕೆ ಬಂದವ್ರಾ?" ಎಂದು ಕೇಳಿದರು. ಭೂಮಿ ಬಾಯಿ ಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

ಈ ಸಲ ಮೀನೂಟ ನನ್ನ ಕೈ ಹಿಡಿಯಲಿಲ್ಲ. ಎದುರಾಳಿಗಳು ಇಬ್ಬರು, ಇಬ್ಬರೂ ಹಾಜರು. ಒಬ್ಬ ಅರಣ್ಯ ಇಲಾಖೆಯ ಗಾರ್ಡು, ಇನ್ನೊಬ್ಬ ಘಟ್ಟದ ಮೇಲಿನ ಮೇಷ್ಟ್ರು. ಅವರು ಎಸೆದರು, ಮೊನೆ ನೆಲಕ್ಕೆ ತಾಗಿತು, ಬಿಳಿ ಬಾವುಟ ಏರಿತು. ನನ್ನ ಸರದಿ. ಓಡಿ ಹೋಗಿ ಎಸೆದೆ. ಭರ್ಜಿ ಅವರಿಬ್ಬರ ಗುರುತನ್ನೂ ದಾಟಿ ಹೋಯಿತು. ಎದೆ ಜಿಗಿಯಿತು. ಅದು ಹೋಗಿ ಗಟ್ಟಿ ಕೆಂಪು ನೆಲದ ಮೇಲೆ ಚಪ್ಪಟೆಯಾಗಿ ಬಿದ್ದು, ಜಾರಿ, ಅಡ್ಡ ಮಲಗಿತು. ಮೊನೆ ಮೊದಲು ತಾಗದಿದ್ದರೆ ಆ ಎಸೆತ ಲೆಕ್ಕಕ್ಕಿಲ್ಲ. ತೀರ್ಪುಗಾರ ಕೆಂಪು ಬಾವುಟ ಎತ್ತಿದ.

ಹಮಾಲರ ಗುಂಪಿನಿಂದ ಭಾರೀ ಚಪ್ಪಾಳೆ ಕೇಳಿಸಿತು.

ಅವರ ತಪ್ಪಿಲ್ಲ. ಭರ್ಜಿ ಎಲ್ಲರದಕ್ಕಿಂತ ದೂರ ಹೋದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಮೇಲಾಗಿ ಅವರ ಯೂನಿಯನ್ನಿನ ಬಾವುಟ ಕೆಂಪು. ಬೇರೆಯವರಿಗೆಲ್ಲ ಬಿಳಿ ಬಟ್ಟೆ ತೋರಿಸಿ ಮುಕಾದಮರ ಅಳಿಯನಿಗೆ ಮಾತ್ರ ಕೆಂಪು ಎತ್ತಿದ್ದಾರೆಂದರೆ ಅವರು ಬೇರೆ ಏನೆಂದುಕೊಳ್ಳಬೇಕು? ಎರಡನೆಯದನ್ನೂ ಎಸೆದೆ. ಅದೂ ಅಡ್ಡ. ಮತ್ತೆ ಕೆಂಪು. "ಜಿಂದಾಬಾದ್!" ಎಂದು ಒಬ್ಬ ಕೂಗಿದ. ಉಳಿದವರು ಮುಷ್ಟಿ ಎತ್ತಿ "ಜಿಂದಾಬಾದ್!" ಅಂದರು. ಪೆವಿಲಿಯನ್ನಿನಲ್ಲಿ ಕೂತ ಅಧಿಕಾರಿಗಳೆಲ್ಲ ಎದ್ದು ನೋಡಿದರು. ಮೂರನೆಯದನ್ನು ಎಸೆಯಲು ನಿಂತೆ. ಮೊನೆಯನ್ನು ಕೆಳಗೆ ತರಬೇಕು, ತರಬೇಕು ಎಂದು ಜಪಿಸಿದೆ. ಒಂದು ವರ್ಷ ಮರಳು ಕಲಿಸಿದ್ದನ್ನು ಕೈ ಆ ಒಂದು ಗಳಿಗೆಯಲ್ಲಿ ಮರೆಯುತ್ತದೆಯೇ? ಕೆಂಪು ಬಾವುಟ, ಜಿಂದಾಬಾದ್. ಮಾವ ಕಣ್ಣೊರೆಸಿಕೊಳ್ಳುತ್ತಿದ್ದರು.

ಮೈಕಿನಲ್ಲಿ ಪ್ರಥಮ ಗಾರ್ಡು, ದ್ವಿತೀಯ ಮೇಷ್ಟ್ರು ಎಂದರು. ಇದ್ದದ್ದೇ ಮೂವರು, ನನ್ನ ಹೆಸರು ಮೂರನೆಯದಕ್ಕೂ ಬರಲಿಲ್ಲ. ಆಮೇಲೆ ಮಾವ ಹಗ್ಗ ಹಿಡಿದು ಮೈದಾನದೊಳಗೆ ನುಗ್ಗಿದರು. ಹಿಂದಿನಿಂದ ಇಡೀ ಗುಂಪು. "ಮೋಸ! ನಾವು ಕುರುಡ್ರಾ? ತಕ್ಕೊಳ್ಳಿ, ಅಳೀರಿ!" ಎನ್ನುತ್ತ ತೀರ್ಪುಗಾರರ ಮೇಜನ್ನು ಸುತ್ತುಗಟ್ಟಿದರು. ತೀರ್ಪುಗಾರ ಪಾಪದ ಮನುಷ್ಯ, ಮೈಕು ಕೈಯಲ್ಲಿದ್ದದ್ದನ್ನೇ ಮರೆತು ಸಮಜಾಯಿಷಿ ಕೊಡತೊಡಗಿದ.

"ಅಯ್ಯೋ ಮಾರಾಯ್ರೆ, ಮೊನೆ ಮೊದ್ಲು ತಾಗ್ಬೇಕು. ಇವರದ್ದು ಮೂರೂ ಅಡ್ಡ ಬಿದ್ದದ್ದು. ಕೆಂಪು ಅಂದ್ರೆ ತಪ್ಪು ಅಂತ. ಹೋದ ವರ್ಷ ಫಸ್ಟ್ ಬಂದದ್ದು ಹೇಗೆ ಅಂತ್ರಾ? ಇವ್ರು ಒಬ್ರೇ ಇದ್ದದ್ದು! ಒಬ್ಬನೇ ಇದ್ರೆ ಫಸ್ಟ್ ಬರೂದೇ ಅಲ್ವಾ?"

ಮೈದಾನದ ನಾಲ್ಕು ಮೂಲೆಗೆ ಕಟ್ಟಿದ ಧ್ವನಿವರ್ಧಕಗಳು ಆ ಮಾತನ್ನು ಕಾರವಾರಕ್ಕೆಲ್ಲ ಕೇಳಿಸಿದವು. ಯಾರೋ ನಕ್ಕರು. ಆಮೇಲೆ ಬಹಳ ಜನ ನಕ್ಕರು. ಮಾವ ನನ್ನ ಕಡೆ ತಿರುಗಿದರು.

"ಒಬ್ರೇ ಇದ್ರಾ?"

ನಾನು ಆಗಲೇ ಹೇಳಿದ್ದೆನಲ್ಲ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ತನ್ನ ಜನರ ನಡುವೆ ನಿಂತ ಅವರ ಮುಖ ನೋಡಿ ನುಂಗಿಕೊಂಡೆ. ನನಗೆ ಬರುವ ಹರಕು ಕೊಂಕಣಿಯಲ್ಲಿ, "ಚೂಕ ಮ್ಹಜಿ, ಮಾವ" ಅಂದೆ. ತಪ್ಪು ನನ್ನದು ಎಂದು. ಅವರು ಹಗ್ಗವನ್ನು ಮೊಣಕೈಗೆ ಸುತ್ತಿ ಸುತ್ತಿ ಸುರುಳಿ ಮಾಡಿ, ಹೆಗಲಿಗೆ ಹಾಕಿಕೊಂಡು, ಟೆಂಪೋದ ಕಡೆ ನಡೆದರು. ಗುಂಪು ಹಿಂದಿನಿಂದ ಮೆಲ್ಲನೆ ಹೋಯಿತು. ಈಗ ಯಾರೂ ಜಿಂದಾಬಾದ್ ಅನ್ನಲಿಲ್ಲ.

ಬಸ್ಸಿನಲ್ಲಿ ಅಂಕೋಲೆಗೆ ಹಿಂದಿರುಗಿ, ಮನೆಯ ಬೀಗ ತೆಗೆಯುವಾಗ ಹೆಂಡತಿ ಹೇಳಿದಳು. "ನಿಮ್ಮ ನಾಚಿಕೆ ನಾಲ್ಕು ದಿನದ್ದು, ಹೋಗ್ತದೆ. ನಂಗೆ ಬಾಗಿಲು ಮುಚ್ತು."

ಮುಚ್ಚಿತು. ಆದಿತ್ಯವಾರಗಳು ಖಾಲಿಯಾದವು. ಕಚೇರಿಯಲ್ಲಿ ಜವಾನನಿಂದ ಹಿಡಿದು ಎಲ್ಲರೂ ನಾನು ಒಳಗೆ ಬಂದರೆ "ಜಿಂದಾಬಾದ್" ಎನ್ನುವರು. ಅದನ್ನು ಹೇಗೋ ಸಹಿಸಿದೆ. ಮನೆಯಲ್ಲಿ ಫೋನು ಹೊಡೆದುಕೊಂಡಾಗಲೆಲ್ಲ ಹೆಂಡತಿ ಕೈ ಒರೆಸಿಕೊಂಡು ಓಡಿ ಬರುವುದನ್ನು ಮಾತ್ರ ನೋಡಲಾಗುತ್ತಿರಲಿಲ್ಲ. ಅತ್ತೆ ಒಮ್ಮೆ ಮಾಡಿದ್ದರು. ಮಾವ ವಾರವಿಡೀ ಬಂದರಕ್ಕೆ ಹೋಗಿಲ್ಲ, ಗುಂಪಿನವರು ಬಾಗಿಲಿಗೆ ಬಂದರೂ ಎದ್ದು ಹೊರಗೆ ಬಂದಿಲ್ಲ ಎಂದರಂತೆ. ಭರ್ಜಿಯನ್ನು ಹೈಸ್ಕೂಲಿಗೆ ಹಿಂದಿರುಗಿಸಲು ಹೋದಾಗ ಪಿ.ಟಿ. ಮಾಸ್ತರರು ಏನೂ ಕೇಳದೆ ಇಸಿದುಕೊಂಡರು. ಅವರು ನಾಲ್ಕು ಮಾತು ಬೈದಿದ್ದರೆ ವಾಸಿಯಿತ್ತು.

ಮಳೆಗಾಲ ಕಳೆಯಿತು. ಚೌತಿಗೆ ಎರಡು ದಿನವಿರುವಾಗ ಕಚೇರಿಗೆ ಫೋನು ಬಂತು. ಆ ಕಡೆಯಿಂದ ಮಾವನ ದನಿ.

"ಗಣಪತಿಯ ಮೇಲೆ ಫಲಾವಳಿ ಕಟ್ಟೂಕೆ ಜನ ಬೇಕು. ನಂಗೆ ಏಣಿ ಹತ್ತೂಕೆ ಆಗೂದಿಲ್ಲ ಈಗ. ಕೈ ಉದ್ದ ಇದ್ದವ ನೀನೇ. ಬಾ." ನಾನು ಏನಾದರೂ ಹೇಳುವ ಮೊದಲೇ ಫೋನು ಇಟ್ಟರು. ಅಷ್ಟರವರೆಗೆ ನೀವು ಎನ್ನುತ್ತಿದ್ದವರು ನೀನು ಅಂದದ್ದು ಸಿಟ್ಟಿಗೋ ಸಲಿಗೆಗೋ ಎಂದು ನಾವಿಬ್ಬರೂ ದಾರಿಯುದ್ದಕ್ಕೂ ಚರ್ಚೆ ಮಾಡಿದೆವು.

ಹೋದೆವು. ತೆಂಗಿನಕಾಯಿ, ಸೌತೆ, ಕಾಡಿನ ಹಣ್ಣು, ಮಾವಿನೆಲೆ ಎಲ್ಲವನ್ನೂ ಮಾವ ಕೆಳಗಿನಿಂದ ಕೊಟ್ಟರು, ನಾನು ಮೇಲೆ ಕಟ್ಟಿದೆ. ಕೂಟದ ಸುದ್ದಿ ಬರಲಿಲ್ಲ. ಗೋಡೆ ನೋಡಿದರೆ, ಹೋದ ವರ್ಷ ಮಾವ ಚೌಕಟ್ಟು ಹಾಕಿಸಿದ್ದ ಪತ್ರಿಕೆಯ ಆ ಫೋಟೋ ಹಾಗೇ ತೂಗುತ್ತಿತ್ತು.

ಹಬ್ಬದ ದಿನ ಮೊದಲನೆಯ ಅತಿಥಿಗಳು ಬಂದರು. ಮಾವ ಗಣಪತಿ ತೋರಿಸಿದರು. ಆಮೇಲೆ ನನ್ನ ಕಡೆ ಕೈ ಮಾಡಿದರು. "ಹೋ ಮ್ಹಜೊ ಜಾಂವಯ್. ಹೋದ ಚೌತಿಗೆ ಹತ್ತು ಜನರನ್ನ ಸೋಲ್ಸಿದ ಅಂದಿದ್ದೆ ಅಲ್ಲ? ಸುಳ್ಳು. ಇವ ಒಬ್ಬನೇ ಇದ್ದ."

ನನ್ನ ಕಿವಿಗೆ ಬೆಂಕಿ ಬಿದ್ದ ಹಾಗಾಯಿತು. ಬಂದವರು ನಗಬೇಕೋ ಬೇಡವೋ ತಿಳಿಯದೆ ನೆವ್ರಿ ಕಚ್ಚಿದರು. ಮುಂದಿನ ಮನೆಯವರು ಬಂದರು. ಅದೇ ಮಾತು. ಮಧ್ಯಾಹ್ನದವರೆಗೆ ಬಂದವರಿಗೆಲ್ಲ, ಒಬ್ಬರ ಮೇಲೊಬ್ಬರಿಗೆ, ಇವ ಒಬ್ಬನೇ ಇದ್ದ, ಇವ ಒಬ್ಬನೇ ಇದ್ದ. ಮನೆಗೆ ಕರೆದು ಹೀಗೆ ಮಾನ ತೆಗೆಯುವುದಕ್ಕಿಂತ ಬಾಗಿಲು ಮುಚ್ಚಿಯೇ ಇಟ್ಟಿದ್ದರೆ ಆಗುತ್ತಿರಲಿಲ್ಲವೇ ಎಂದು ನನಗೆ ಸಿಟ್ಟೂ ಬಂತು. ಜನ ಕಡಿಮೆಯಾದಾಗ ಹಿತ್ತಲಿಗೆ ಕರೆದುಕೊಂಡು ಹೋಗಿ ಕೇಳಿಯೇಬಿಟ್ಟೆ.

"ಸಾಕು ಮಾವ. ಎಲ್ಲರ ಮುಂದೆ ಎಷ್ಟು ಸಲ ನನ್ನ ಮರ್ಯಾದೆ ತೆಗೀತ್ರಿ?"

ಮಾವ ನನ್ನನ್ನು ಆಶ್ಚರ್ಯದಿಂದ ನೋಡಿದರು.

"ನಿನ್ನ ಮರ್ಯಾದೆ ಎಂತಕ್ಕೆ ಹೋಗ್ತದೆ ರೇ? ನೀನು ಎಲೆ ಮುಂದೆ ಕೂತು ಹೇಳಿದ್ದೆ ಅಲ್ಲ, ಒಬ್ಬನೇ ಇದ್ದೆ ಅಂತ. ಕೇಳದೇ ಇದ್ದವ ನಾನು." ಬಾವಿಯ ಕಟ್ಟೆಯ ಮೇಲೆ ಕೂತರು. "ಮಗಳನ್ನ ಕರೀಬೇಕು ಅಂತ ಮೂರು ವರ್ಷದಿಂದ ಇತ್ತು. ಇಲ್ಲ ಅಂದವ ನಾನೇ, ಹೌದು ಅನ್ನೂಕೆ ನೆಪ ಬೇಕಲ್ಲ? ಆ ಪೇಪರಿನವ ಒಂದು ನೆಪ ಕೊಟ್ಟ. ಅದು ಸಣ್ಣದಾಯ್ತು ಅಂತ ನಾನು ಮೂವತ್ತು ಜನರನ್ನ ಹುಟ್ಟಿಸ್ದೆ. ಆ ಸುಳ್ಳು ಕೇಳಿದವ್ರೆಲ್ಲ ಚೌತಿಗೆ ಬರ್ತಾರೆ. ತಪ್ಪು ಸರಿ ಮಾಡೂಕೆ ಬೇರೆ ದಿನ ಎಲ್ಲಿ ಅದೆ ನಂಗೆ? ನಿಂಗೆ ನಾಚಿಕೆ ಆದ್ರೆ ಒಳಗೆ ಹೋಗಿ ಕೂತ್ಕೋ."

ಇಡೀ ವರ್ಷ ನನ್ನ ಒಬ್ಬನ ಮಾನ ಹೋಯಿತೆಂದು ನಾನು ಕೊರಗಿದ್ದೆ. ತನ್ನ ಕೈಕೆಳಗಿನ ಜನರ ಮುಂದೆ ನಿಂತಿದ್ದ ಈ ಮುದುಕ ಹೇಗೆ ದಿನ ಕಳೆದನೆಂದು ಒಂದು ಸಲವೂ ಯೋಚಿಸಿರಲಿಲ್ಲ. ಆ ಎಲ್ಲ ಕೆಂಪು ಬಾವುಟಗಳಿಗಿಂತ ಇದಕ್ಕೇ ಹೆಚ್ಚು ನಾಚಿಕೆಯಾಯಿತು.

ಅಷ್ಟರಲ್ಲಿ ಅಂಗಳದಲ್ಲಿ ಗದ್ದಲ ಕೇಳಿತು. ಬಂದರದ ಗುಂಪು ಬಂದಿತ್ತು. ಮುಂದಿದ್ದವನು ನನ್ನನ್ನು ಕಂಡದ್ದೇ ಹೆಗಲ ಮೇಲಿನ ಕೆಂಪು ಟವೆಲ್ ತೆಗೆದು ಎತ್ತಿ ಹಿಡಿದ. ಎಲ್ಲರೂ ಹೋ ಎಂದು ನಕ್ಕರು. ಅಡುಗೆಮನೆಯ ಬಾಗಿಲಲ್ಲಿ ನೆವ್ರಿಯ ತಟ್ಟೆ ಹಿಡಿದ ನನ್ನ ಹೆಂಡತಿ ನಿಂತಲ್ಲೇ ನಿಂತಳು. ಮಾವ ಮೆಲ್ಲಗೆ ಎದ್ದು, ಅಂಗಳಕ್ಕೆ ಬಂದು, ಗಂಟಲು ಸರಿಮಾಡಿಕೊಂಡರು. ಮೂವತ್ತು ಜನರ ಕಥೆಯನ್ನು ಅವರು ಹೇಳಿದ್ದು ಇವರಿಗೇ.

ನಾನು ಅವರನ್ನು ದಾಟಿ ಮುಂದೆ ಹೋದೆ.

"ಬನ್ನಿ, ಗಣಪತಿ ನೋಡಿ" ಅಂದೆ. "ಆಮೇಲೆ ಈ ಗೋಡೆ ಮೇಲಿನ ಫೋಟೋ ನೋಡಿ. ಇವ ಈ ಮನೆಯ ಜಾಂವಯ್. ಒಬ್ಬನೇ ಇದ್ದದ್ದು."